ವಾನವಡಿಯ ಛತ್ರಿ, ಹಡಪಸರದ ಬಯಲು

ಕೊಂಢವಾಕ್ಕೆ ಮನೆ ಹುಡುಕಿಕೊಂಡು ಬರುವವರು ಮೊದಲು ವಿಚಾರಿಸುವುದು ನೀರನ್ನು. ಕಾರ್ಪೊರೇಷನ್ ನೀರು ಎಷ್ಟು ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾಗುತ್ತದೆಯೇ? ಆಮೇಲೆ ಮಗರಪಟ್ಟಾದ ಆಫೀಸಿಗೆ ಎಷ್ಟು ಹೊತ್ತಿನ ದಾರಿ, ಮಕ್ಕಳ ಶಾಲೆಯ ಬಸ್ಸು ಗೇಟಿನವರೆಗೆ ಬರುತ್ತದೆಯೇ? ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬಂದು ಈ ಭಾಗದಲ್ಲಿ ನೆಲೆ ನಿಂತ ನಮ್ಮವರೂ ಇದನ್ನೇ ಕೇಳುತ್ತಾರೆ. ಕೇಳಲೇಬೇಕಾದ ಮಾತುಗಳು ಇವು. ಸುತ್ತಮುತ್ತ ನೋಡುವಂಥದ್ದು ಏನಿದೆ ಎಂಬ ಪ್ರಶ್ನೆ ಮಾತ್ರ ಬರುವುದೇ ಇಲ್ಲ. ಪುಣೆಯ ಚರಿತ್ರೆಯೆಂದರೆ ಶನಿವಾರವಾಡಾ, ಲಾಲ್ ಮಹಲ್, ಪರ್ವತಿ, ಸಿಂಹಗಡ. ಇಲ್ಲಿಯ ಎನ್‌ಐಬಿಎಂ ರಸ್ತೆಯ ಎರಡೂ ಬದಿಯ ಎತ್ತರದ ಕಟ್ಟಡಗಳ ನಡುವೆ ಚರಿತ್ರೆ ಎಲ್ಲಿಂದ ಬರಬೇಕು ಎಂದು ಮನಸ್ಸು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಆದರೆ ಮರಾಠಾ ರಾಜ್ಯದ ಗತಿ ತಿರುಗಿಸಿದ ಎರಡು ಘಟನೆಗಳು ನಡೆದದ್ದು ಪೇಟೆಯ ಒಳಗಲ್ಲ, ಈ ಕಡೆಯ ಬಯಲಿನಲ್ಲಿ. 1794ರ ಫೆಬ್ರವರಿ 12ರಂದು ಕೊಂಢವಾದ ಮಗ್ಗುಲಿನ ವಾನವಡಿಯಲ್ಲಿ ಮರಾಠಾ ಸರದಾರ ಮಹಾದಜಿ ಶಿಂದೆ ತೀರಿಕೊಂಡ. ಎಂಟು ವರ್ಷಗಳ ನಂತರ, 1802ರ ಅಕ್ಟೋಬರ್ 25ರಂದು, ಹಡಪಸರದಿಂದ ವಾನವಡಿಯವರೆಗೆ ಹರಡಿದ್ದ ಬಯಲಿನಲ್ಲಿ ಇನ್ನೊಬ್ಬ ಮರಾಠಾ ಸರದಾರ ಯಶವಂತರಾವ್ ಹೋಳ್ಕರ್ ಪೇಶ್ವೆಯ ಮತ್ತು ಶಿಂದೆ ಮನೆತನದ ಕೂಡು ಸೈನ್ಯವನ್ನು ಮುರಿದ. ಮೊದಲ ಘಟನೆಗೆ ಪುಣೆಯ ಅತ್ಯಂತ ಚೆಲುವಿನ ಸ್ಮಾರಕಗಳಲ್ಲೊಂದು ಎದ್ದು ನಿಂತಿದೆ. ಎರಡನೆಯದು ನಡೆದ ನೆಲದ ಮೇಲೆ ದಿನವೂ ಸಾವಿರಾರು ವಾಹನಗಳು ಓಡುತ್ತವೆ. ಇಲ್ಲಿ ಏನು ನಡೆಯಿತೆಂದು ಹೇಳುವ ಒಂದು ಕಲ್ಲೂ ದಾರಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೊಂಢವಾ ಮೂಲದಲ್ಲಿ ಎರಡು ಹಳ್ಳಿ, ಖುರ್ದ್ ಮತ್ತು ಬುದ್ರುಕ್. ಪುಣೆಯಿಂದ ಸಾತಾರಾಕ್ಕೆ ಹೋಗುತ್ತಿದ್ದ ಹಳೆಯ ದಾರಿ ಇಲ್ಲಿಂದಲೇ ಬೋಪದೇವ ಘಾಟ ಹತ್ತಿ ಸಾಸವಡಕ್ಕೆ ಇಳಿಯುತ್ತಿತ್ತು. ಈಗ ಆ ಘಾಟಕ್ಕೆ ಭಾನುವಾರ ಬೆಳಿಗ್ಗೆ ಸೈಕಲ್ಲಿನ ಹುಡುಗರು ಹೋಗುತ್ತಾರೆ. ಘಾಟದ ಆಚೆ ಸಾಸವಡದಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಯಿದೆ, ಪುರಂದರೆ ಮನೆತನದ ವಾಡೆಯಿದೆ. ಇನ್ನೂ ಮುಂದೆ ಹೋದರೆ ಜೇಜುರಿ. ಅಲ್ಲಿಯ ಖಂಡೋಬ ನಮ್ಮ ಮೈಲಾರಲಿಂಗನೇ. ಹೂವಿನಹಡಗಲಿಯ ಮೈಲಾರದಲ್ಲಿ, ರಾಣೆಬೆನ್ನೂರಿನ ದೇವರಗುಡ್ಡದಲ್ಲಿ, ಬೆಳಗಾವಿ ಸೀಮೆಯ ಮಂಗಸೂಳಿಯಲ್ಲಿ ಭಂಡಾರ ಹಾರಿಸುವ ಒಕ್ಕಲಿಗೆ ಜೇಜುರಿಯ ಮೆಟ್ಟಿಲು ಹೊಸದಾಗಿ ಕಾಣುವುದಿಲ್ಲ. ಧಾರವಾಡದ ಶಂ.ಬಾ. ಜೋಶಿಯವರು ಕನ್ನಡ ಮತ್ತು ಮರಾಠಿ ನೆಲಗಳ ಈ ಬೆಸುಗೆಯ ಬೆನ್ನು ಹತ್ತಿ ಜೀವಮಾನ ಕಳೆದವರು. ಪುಣೆಯ ಜಂಗಲಿ ಮಹಾರಾಜ ರಸ್ತೆಯಲ್ಲಿರುವ ಪಾತಾಳೇಶ್ವರ ಗುಹಾಲಯವೂ ರಾಷ್ಟ್ರಕೂಟರ ಕಾಲದ್ದು. ಪುಣೆಯ ಹೆಸರು ಹೊತ್ತ ಅತಿ ಹಳೆಯ ದಾಖಲೆಗಳೆಂದರೆ ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ತಾಮ್ರಪಟಗಳು. ಇಷ್ಟು ನಂಟಿರುವ ಊರಿನಲ್ಲಿ ನಾವು ಬರೀ ಬಾಡಿಗೆದಾರರಲ್ಲ. ಈ ನೆಲದ ಗುರುತುಗಳನ್ನು ತಿಳಿದುಕೊಳ್ಳುವ ಹಕ್ಕು ನಮಗಿದೆ, ಹೊಣೆಯೂ ಇದೆ.

ಈಗ ವಾನವಡಿಯಲ್ಲಿರುವ ಮಹಾದಜಿಯ ಸ್ಮಾರಕದ ಕಡೆ ತಿರುಗೋಣ.

ಛತ್ರಿ ಎಂದರೆ ಇಲ್ಲಿ ಸತ್ತವರ ನೆನಪಿಗೆ ಕಟ್ಟಿದ ಮಂಟಪ. ಶಿಂದೆ ಛತ್ರಿ ಎಂದರೆ ಆ ಭಾಗದ ರಿಕ್ಷಾದವರಿಗೆಲ್ಲ ಗೊತ್ತು, ರಸ್ತೆಗೇ ಆ ಹೆಸರಿದೆ. ಮನೆಗಳು, ಅಂಗಡಿಗಳ ನಡುವೆ ಗೋಡೆ ಕಟ್ಟಿದ ದೊಡ್ಡ ಅಂಗಳ. ಒಳಗೆ ಕಾಲಿಟ್ಟರೆ ಗದ್ದಲ ಹಿಂದೆ ಉಳಿಯುತ್ತದೆ. ಎದುರಿಗೆ ದೊಡ್ಡ ಹಜಾರ, ಅದಕ್ಕೆ ಹೊಂದಿಕೊಂಡು ಶಿಖರವಿರುವ ಶಿವಾಲಯ. ಮೊದಲ ನೋಟಕ್ಕೇ ಒಂದು ವಿಚಿತ್ರ ತಿಳಿಯುತ್ತದೆ: ಇವೆರಡೂ ಒಂದೇ ಕಾಲದವಲ್ಲ, ಒಂದೇ ಕೈಯವೂ ಅಲ್ಲ. ಶಿವಾಲಯ ಪೇಶ್ವೆಗಳ ಕಾಲದ್ದು, ಮಹಾದಜಿಯೇ ಕಟ್ಟಿಸಿದ್ದು, ಕಪ್ಪು ಕಲ್ಲಿನದು. ಅದರ ಶಿಖರದ ಸುತ್ತ ಸಂತರ, ಋಷಿಗಳ ಮೂರ್ತಿಗಳು ಹಳದಿ ಕಲ್ಲಿನವು. ಮುಂದಿನ ಹಜಾರವಾದರೋ ಇಪ್ಪತ್ತನೆಯ ಶತಮಾನದ ಆರಂಭದ್ದು. ಗ್ವಾಲಿಯರ್‌ನ ಮಹಾರಾಜ ಮಾಧವರಾವ್ ಶಿಂದೆ 1913ರ ಸುಮಾರಿಗೆ ಅದನ್ನು ಸೇರಿಸಿದ. ರಾಜಸ್ಥಾನದ ಅರಮನೆಗಳ ಜರೋಕಾ, ಕಮಾನು, ಕಿರುಗೋಪುರಗಳನ್ನು ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಟ್ಟಡಗಳ ಬಣ್ಣದ ಗಾಜಿನ ಕಿಟಕಿಗಳೊಂದಿಗೆ ಕೂಡಿಸಿದ ಶೈಲಿ. ಪುಣೆಯಲ್ಲಿ ಇಂಥದ್ದು ಮತ್ತೊಂದಿಲ್ಲವೆಂದರೆ ತಪ್ಪಾಗಲಾರದು.

ಕಟ್ಟಡಗಳ ವಿಷಯದಲ್ಲಿ ಬೆರಕೆ ಶೈಲಿ ಎಂದೊಡನೆ ಮೂಗು ಮುರಿಯುವವರಿದ್ದಾರೆ. ಇಲ್ಲಿ ಹಾಗೆ ಅನ್ನಿಸುವುದಿಲ್ಲ. ಬೆಳಗಿನ ಬಿಸಿಲು ಬಣ್ಣದ ಗಾಜಿನ ಮೂಲಕ ಹಾಸುಗಲ್ಲಿನ ಮೇಲೆ ಬೀಳುವಾಗ ಹಜಾರದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಮೇಲೆ ಸುತ್ತಲೂ ಕಟಾಂಜನದ ಉಪ್ಪರಿಗೆ, ಗೋಡೆಗಳ ಮೇಲೆ ಶಿಂದೆ ಮನೆತನದವರ ಚಿತ್ರಗಳು. ಅದು ದೇವಸ್ಥಾನದ ರಂಗಮಂಟಪವೂ ಹೌದು, ಅರಮನೆಯ ದರ್ಬಾರೂ ಹೌದು. ಆಮೇಲೆ ಒಳಗಿನ ಕಪ್ಪು ಕಲ್ಲಿನ ಗುಡಿಗೆ ದಾಟಿದರೆ ಬೆಳಕು ಕಡಿಮೆಯಾಗುತ್ತದೆ, ದನಿ ತಾನಾಗಿ ತಗ್ಗುತ್ತದೆ. ಶಿವಾಲಯದ ಬಳಿಯಲ್ಲೇ, ಮಹಾದಜಿಯ ದಹನವಾದ ಜಾಗದಲ್ಲಿ, ಅವನ ಸಮಾಧಿ. ಬೆಳ್ಳಿಯ ಮುಖ, ಮೇಲೆ ಪೇಟ, ಉಡಿಸಿದ ವಸ್ತ್ರ. ಸತ್ತವನ ನೆನಪಿಗೆ ಇಟ್ಟ ಕಲ್ಲಲ್ಲ ಅದು. ಮನೆಯ ಹಿರಿಯ ಇನ್ನೂ ಕುಳಿತಿದ್ದಾನೆಂಬ ಭಾವದಿಂದ ನಡೆಸಿಕೊಂಡು ಬಂದ ಸೇವೆ.

ಅಂಗಳದಲ್ಲಿ ಒಂದು ಕಟ್ಟಳೆಯಿದೆ. ಅಲ್ಲಿ ಕೊಡೆ ಬಿಚ್ಚಬಾರದು. ಮಳೆಯಿರಲಿ ಬಿಸಿಲಿರಲಿ, ಮಡಿಚಿ ಕೈಯಲ್ಲೇ ಹಿಡಿಯಬೇಕು. ಮಹಾದಜಿಯ ಛತ್ರಿಯ ಮುಂದೆ ಇನ್ನೊಂದು ಛತ್ರಿ ಎದ್ದರೆ ಅವನಿಗೆ ಅವಮಾನ ಎಂಬ ನಂಬಿಕೆ. ಪುಣೆಯ ಜುಲೈ ಮಳೆಯಲ್ಲಿ ತೊಯ್ದುಕೊಂಡು ಅಂಗಳ ದಾಟುವ ಭಕ್ತರ ಮುಖದಲ್ಲಿ ಇದರ ಬಗ್ಗೆ ಒಂದಿಷ್ಟೂ ಬೇಸರ ಕಾಣಿಸದು.

ಇಷ್ಟು ಗೌರವ ಪಡೆದ ಮನುಷ್ಯ ಯಾರು? ಕನ್ನಡದ ಶಾಲಾ ಪಠ್ಯಗಳಲ್ಲಿ ಅವನ ಹೆಸರು ಒಂದು ಸಾಲಿನಲ್ಲಿ ಹಾದುಹೋಗುತ್ತದೆ, ಅಷ್ಟೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳಬೇಕು.

ಸಾತಾರಾ ಸೀಮೆಯ ಕಣ್ಹೇರಖೇಡದ ಪಾಟೀಲಕಿಯ ಮನೆತನ ಶಿಂದೆಯವರದು. ತಂದೆ ರಾಣೋಜಿ ಮೊದಲನೆಯ ಬಾಜಿರಾಯನ ಕಾಲದಲ್ಲಿ ಮೇಲೆ ಬಂದವನು. ಮಕ್ಕಳಲ್ಲಿ ಕಿರಿಯವನು ಮಹಾದಜಿ. ಅಣ್ಣಂದಿರು ಒಬ್ಬೊಬ್ಬರಾಗಿ ದಂಡಯಾತ್ರೆಗಳಲ್ಲಿ ಹೋದರು. ಜಯಾಪ್ಪ 1755ರಲ್ಲಿ ನಾಗೋರಿನಲ್ಲಿ, ದತ್ತಾಜಿ 1760ರ ಜನವರಿಯಲ್ಲಿ ದಿಲ್ಲಿಯ ಹತ್ತಿರ ಯಮುನೆಯ ಬುರಾಡಿ ಘಟ್ಟದಲ್ಲಿ. ಮರು ವರ್ಷ, 1761ರ ಜನವರಿ 14ರಂದು, ಪಾಣಿಪತ್ತಿನಲ್ಲಿ ಅಣ್ಣನ ಮಗ ಜನಕೋಜಿಯನ್ನೂ ಮನೆತನ ಕಳೆದುಕೊಂಡಿತು. ಮಹಾರಾಷ್ಟ್ರದಲ್ಲಿ ಒಬ್ಬನಾದರೂ ಸಾಯದ ಮನೆಯಿರಲಿಲ್ಲ ಎನ್ನುವಂಥ ಆ ಸೋಲಿನಿಂದ ಓಡಿ ಉಳಿದವರಲ್ಲಿ ಮಹಾದಜಿಯೂ ಒಬ್ಬ. ಬೆನ್ನಟ್ಟಿ ಬಂದ ಅಫ್ಘಾನ್ ಸವಾರನೊಬ್ಬ ಅವನ ಮೊಣಕಾಲಿಗೆ ಕೊಡಲಿಯೇಟು ಹಾಕಿ, ಮೈಮೇಲಿನ ಒಡವೆ ಕಸಿದು, ಕುದುರೆಯನ್ನೂ ಒಯ್ದ. ದಾರಿಯ ಬದಿ ಬಿದ್ದವನನ್ನು ಎತ್ತಿ ತನ್ನ ಎತ್ತಿನ ಮೇಲೆ ಹಾಕಿಕೊಂಡು ದಖ್ಖನಿನ ಕಡೆ ನಡೆಸಿಕೊಂಡು ಬಂದವನು ರಾಣಾಖಾನ್, ಸೈನ್ಯಕ್ಕೆ ತೊಗಲಿನ ಚೀಲದಲ್ಲಿ ನೀರು ಹೊರುತ್ತಿದ್ದ ಭಿಸ್ತಿ. ಮಹಾದಜಿ ಮುಂದೆ ದೊಡ್ಡವನಾದ ಮೇಲೆ ಅವನನ್ನು ಮರೆಯಲಿಲ್ಲ. ಅಣ್ಣ ಎಂದು ಕರೆದ, ತನ್ನ ಸೇನಾನಿಗಳಲ್ಲಿ ಒಬ್ಬನನ್ನಾಗಿ ಮಾಡಿದ. ಉಳಿದ ಜೀವಮಾನವೆಲ್ಲ ಮಹಾದಜಿ ಕುಂಟುತ್ತಲೇ ನಡೆದ.

ಆ ಕುಂಟು ಕಾಲಿನ ಮನುಷ್ಯ ಪಾಣಿಪತ್ತಿನ ಸೋಲನ್ನು ಹತ್ತೇ ವರ್ಷದಲ್ಲಿ ತಿರುಗಿಸಿದವರಲ್ಲಿ ಮುಂಚೂಣಿಯವನು. 1771ರಲ್ಲಿ ಮರಾಠರು ದಿಲ್ಲಿ ಹಿಡಿದು, ಅಲಹಾಬಾದಿನಲ್ಲಿ ಇಂಗ್ಲಿಷರ ಆಶ್ರಯದಲ್ಲಿ ದಿನ ತಳ್ಳುತ್ತಿದ್ದ ಬಾದಶಹ ಶಾ ಆಲಂನನ್ನು ಮರು ವರ್ಷದ ಆರಂಭದಲ್ಲಿ ತನ್ನ ರಾಜಧಾನಿಗೆ ಮರಳಿ ತಂದರು. 1779ರ ಜನವರಿಯಲ್ಲಿ ಪುಣೆಯ ಮೇಲೆ ಏರಿ ಬಂದ ಮುಂಬೈಯ ಇಂಗ್ಲಿಷ್ ಸೈನ್ಯವನ್ನು ವಡಗಾಂವಿನಲ್ಲಿ ಸುತ್ತುವರಿದು ಶರಣಾಗಿಸಿದ ಕಾರ್ಯದಲ್ಲಿ ಮಹಾದಜಿಯದೇ ದೊಡ್ಡ ಪಾಲು. 1782ರ ಸಾಲಬಾಯಿ ಒಪ್ಪಂದದಲ್ಲಿ ಇಂಗ್ಲಿಷರೂ ಪೇಶ್ವೆಯೂ ಅವನನ್ನು ನಡುವಿನ ಹೊಣೆಗಾರನೆಂದು ಒಪ್ಪಿಕೊಂಡರು. 1788ರಲ್ಲಿ ರೋಹಿಲ್ಲಾ ಮುಖಂಡ ಗುಲಾಂ ಕಾದಿರ್ ದಿಲ್ಲಿಗೆ ನುಗ್ಗಿ ಮುದಿ ಬಾದಶಹನ ಕಣ್ಣು ಕೀಳಿಸಿದಾಗ ಆ ಕಾದಿರನನ್ನು ಹಿಡಿದು ಶಿಕ್ಷಿಸಿದ್ದೂ ಮಹಾದಜಿಯ ಸೈನ್ಯವೇ.

ಮಹಾದಜಿ 1792ರಲ್ಲಿ ಪುಣೆಗೆ ಬಂದದ್ದು ಉತ್ತರದಲ್ಲಿ ಗೆದ್ದ ಎಲ್ಲವನ್ನೂ ಬೆನ್ನಿಗಿಟ್ಟುಕೊಂಡು. ಬಾದಶಹ ಪೇಶ್ವೆಗೆ ಕೊಟ್ಟ ವಕೀಲ್-ಇ-ಮುತ್ಲಕ್, ಅಂದರೆ ಬಾದಶಹನ ಪೂರ್ಣಾಧಿಕಾರದ ಪ್ರತಿನಿಧಿ, ಎಂಬ ಪದವಿಯ ಸನ್ನದನ್ನು ತಂದಿದ್ದ. ಪೇಶ್ವೆಯ ಗದ್ದುಗೆಯಲ್ಲಿದ್ದವನು ಹದಿನೆಂಟರ ತರುಣ ಸವಾಯಿ ಮಾಧವರಾಯ. ಆಡಳಿತದ ದಾರಗಳೆಲ್ಲ ಮಂತ್ರಿ ನಾನಾ ಫಡಣವೀಸನ ಬೆರಳಲ್ಲಿ. ಗ್ರಾಂಟ್ ಡಫ್ ತನ್ನ ಮರಾಠರ ಇತಿಹಾಸದಲ್ಲಿ ಬರೆದ ಒಂದು ಪ್ರಸಂಗ ಪುಣೆಯಲ್ಲಿ ಎಲ್ಲರಿಗೂ ಗೊತ್ತು. ದಿಲ್ಲಿಯನ್ನೇ ಆಳುತ್ತಿದ್ದ ಸರದಾರ ದರ್ಬಾರಿಗೆ ನಡೆದು ಬಂದು, ಬೇರೆ ಸರದಾರರಿಗಿಂತ ಕೆಳಗೆ ನಿಂತು, ಕಂಕುಳಲ್ಲಿದ್ದ ಗಂಟು ಬಿಚ್ಚಿ ಒಂದು ಜೊತೆ ಜೋಡು ತೆಗೆದು ಪೇಶ್ವೆಯ ಮುಂದಿಟ್ಟನಂತೆ. ಪೇಶ್ವೆಯ ಜೋಡು ಹೊರುವುದೇ ನಮ್ಮಪ್ಪ ಮಾಡುತ್ತಿದ್ದ ಕೆಲಸ, ನನ್ನದೂ ಇದೇ ಎಂದನಂತೆ. ತನ್ನನ್ನು ಪಾಟೀಲ ಎಂದೇ ಕರೆಸಿಕೊಳ್ಳುತ್ತಿದ್ದ. ಇದನ್ನು ರಾಜಕೀಯದ ನಟನೆ ಎಂದು ಬಗೆದವರಿದ್ದಾರೆ. ಇರಬಹುದು. ಆದರೆ ಮರಾಠಿಯಲ್ಲಿ ಭಕ್ತಿಪದಗಳನ್ನು ಕಟ್ಟಿದ, ಬೀಡದ ಸೂಫಿ ಮನ್ಸೂರ್ ಶಾಹನನ್ನು ಗುರುವೆಂದು ನಂಬಿದ ಮನುಷ್ಯನಲ್ಲಿ ವಿನಯ ಪೂರ್ತಿ ವೇಷವಾಗಿತ್ತೆಂದು ನನಗೆ ತೋರುವುದಿಲ್ಲ. ಆ ಹೊತ್ತಿಗೆ ಪುಣೆಯಲ್ಲಿದ್ದ ಚಿತ್ರಕಾರ ಜೇಮ್ಸ್ ವೇಲ್ಸ್ ಅವನ ಭಾವಚಿತ್ರ ಬರೆದ. ದಪ್ಪ ಮೈ, ಕಪ್ಪು ಬಣ್ಣ, ನೇರ ನೋಟ. ಒಬ್ಬ ಊರಗೌಡನ ಮುಖ ಅದು.

ನಮ್ಮ ಕಡೆಯ ಓದುಗರಿಗೆ ಕಾಲದ ಅಂದಾಜು ಸಿಗಲೆಂದು ಒಂದು ಮಾತು. ಮಹಾದಜಿ ಉತ್ತರದಲ್ಲಿ ರಜಪೂತರೊಡನೆ ಸೆಣಸುತ್ತಿದ್ದ ದಿನಗಳಲ್ಲೇ ಪುಣೆಯ ಇನ್ನೊಂದು ಸೈನ್ಯ, ಪರಶುರಾಮಭಾವು ಪಟವರ್ಧನನ ಕೈಕೆಳಗೆ, ಟಿಪ್ಪುವಿನ ಧಾರವಾಡ ಕೋಟೆಗೆ ಮುತ್ತಿಗೆ ಹಾಕಿ ಕುಳಿತಿತ್ತು. 1790ರ ಸೆಪ್ಟೆಂಬರಿನಲ್ಲಿ ಆರಂಭವಾದ ಮುತ್ತಿಗೆ ಮುಗಿದದ್ದು 1791ರ ಏಪ್ರಿಲ್‌ನಲ್ಲಿ. ದಿಲ್ಲಿಯಿಂದ ಧಾರವಾಡದವರೆಗೆ ಒಂದೇ ಊರಿನ ಮಾತು ನಡೆಯುತ್ತಿದ್ದ ಕಾಲ.

ವಾನವಡಿಯಲ್ಲಿ ಮಹಾದಜಿಯ ಬೀಡಾರವಿತ್ತು. ಜ್ವರ ಹಿಡಿದು ಅಲ್ಲೇ ಹೋದ. ಅವನಿಗೆ ಮಗನಿರಲಿಲ್ಲ. ದತ್ತಕನಾಗಿ ಬಂದ ದೌಲತರಾವ್ ಇನ್ನೂ ಹುಡುಗ. ಮುಂದೆ ಅವನು ಮದುವೆಯಾದ ಬೈಜಾಬಾಯಿ ನಿಪ್ಪಾಣಿಯ ನೆರೆಯ ಕಾಗಲದ ಘಾಟಗೆ ಮನೆತನದ ಹೆಣ್ಣು. ಗಂಡ ಸತ್ತ ಮೇಲೆ ಆಕೆ ಗ್ವಾಲಿಯರನ್ನು ಕೆಲವು ವರ್ಷ ಆಳಿದಳು. ಅವಳದು ಬೇರೆಯೇ ಬರೆಯಬೇಕಾದ ಕಥೆ.

ಛತ್ರಿಯ ಹಜಾರ ಕಟ್ಟಿಸಿದ ಮಾಧವರಾವ್ ಮಹಾರಾಜ 1925ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನದೂ ಅವನ ತಾಯಿಯದೂ ಛತ್ರಿಗಳು ಮಧ್ಯಪ್ರದೇಶದ ಶಿವಪುರಿಯಲ್ಲಿ ಕೊಳದ ಎರಡು ಬದಿಯಲ್ಲಿ ಎದುರುಬದುರಾಗಿ ನಿಂತಿವೆ. ಆ ಮನೆತನಕ್ಕೆ ಹಿರಿಯರ ನೆನಪನ್ನು ಕಲ್ಲಿನಲ್ಲಿ ಹಿಡಿದಿಡುವ ಶ್ರದ್ಧೆಯಿತ್ತು, ಅದಕ್ಕೆ ಬೇಕಾದ ಹಣವೂ ಇತ್ತು. ಹಣವಿದ್ದವರೆಲ್ಲ ಹೀಗೆ ಮಾಡಲಿಲ್ಲ. ಪುಣೆಯ ಜಹಗೀರನ್ನೂ ಬೆಂಗಳೂರಿನ ಜಹಗೀರನ್ನೂ ಹೊಂದಿದ್ದ, ಶಿವಾಜಿಯ ತಂದೆ ಶಹಾಜಿ 1664ರಲ್ಲಿ ಬೇಟೆಗೆ ಹೋಗಿ ಕುದುರೆಯಿಂದ ಬಿದ್ದು ಸತ್ತದ್ದು ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಅಲ್ಲಿ ಅವನ ಸಮಾಧಿ ಬಯಲಿನಲ್ಲಿ, ಬರೀ ಕಲ್ಲಿನ ಕಟ್ಟೆಯಾಗಿ ಇದೆ. ವಾನವಡಿಯನ್ನು ನೋಡಿದವರು ಒಮ್ಮೆ ಹೊದಿಗೆರೆಯನ್ನೂ ನೋಡಬೇಕು. ಮರಾಠರು ಕನ್ನಡ ನಾಡಿನಲ್ಲಿ ಬಿಟ್ಟುಹೋದ ಗುರುತುಗಳಲ್ಲಿ ಅದರಷ್ಟು ಸರಳವಾದದ್ದು ಬೇರೊಂದಿಲ್ಲ.

ಮಹಾದಜಿಯ ನೆನಪು ಹೊತ್ತ ಇನ್ನೊಂದು ಸಾರ್ವಜನಿಕ ಸ್ಮಾರಕ ಇರುವ ಜಾಗ ಕೇಳಿದರೆ ಅಚ್ಚರಿಯಾಗುತ್ತದೆ. ಆಲ್ಪ್ಸ್ ಪರ್ವತದ ಬುಡದ ಶಾಂಬೆರಿ ಎಂಬ ಊರು, ಈಗ ಫ್ರಾನ್ಸಿನಲ್ಲಿದೆ. ಅಲ್ಲಿ 1751ರಲ್ಲಿ ಹುಟ್ಟಿದ ಬೆನ್ವಾ ದ ಬ್ವಾಞ್ ಹಲವು ದೇಶ ಅಲೆದು ಕೊನೆಗೆ ಮಹಾದಜಿಯ ಚಾಕರಿಗೆ ಸೇರಿದ. ಯುರೋಪಿನ ಕವಾಯತು ಕಲಿಸಿ ಅವನಿಗಾಗಿ ಪಲ್ಟಣಗಳನ್ನು ಕಟ್ಟಿದ. 1790ರಲ್ಲಿ ಪಾಟಣ, ಮೇಡತಾಗಳಲ್ಲಿ ರಜಪೂತ ಕುದುರೆ ದಂಡುಗಳನ್ನು ತಡೆದು ನಿಲ್ಲಿಸಿದ್ದು ಈ ಪಲ್ಟಣಗಳೇ. ಮಹಾದಜಿ ಸತ್ತ ಮೇಲೆ ಬ್ವಾಞ್ ಊರಿಗೆ ಮರಳಿ, ಇಲ್ಲಿ ಗಳಿಸಿದ ಸಂಪತ್ತನ್ನು ಅಲ್ಲಿ ಆಸ್ಪತ್ರೆಗೆ, ಬಡವರಿಗೆ, ರಸ್ತೆಗೆ ಧಾರಾಳವಾಗಿ ಕೊಟ್ಟ. 1830ರಲ್ಲಿ ಸತ್ತ. ಊರವರು 1838ರಲ್ಲಿ ಊರ ನಡುವೆ ಅವನ ಹೆಸರಿನಲ್ಲಿ ಒಂದು ಕಾರಂಜಿ ಕಟ್ಟಿದರು. ಎತ್ತರದ ಕಂಬದ ಮೇಲೆ ಬ್ವಾಞ್‌ನ ವಿಗ್ರಹ, ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಆನೆ. ಆನೆಗಳಿಗೆ ಮುಂಭಾಗ ಮಾತ್ರ ಇದೆ, ಹಿಂಭಾಗ ಕಂಬದಲ್ಲಿ ಸೇರಿಹೋಗಿದೆ. ಅದರಿಂದ ಊರವರು ಅವಕ್ಕೆ ಪ್ರೀತಿಯ ಅಡ್ಡಹೆಸರನ್ನೂ ಇಟ್ಟಿದ್ದಾರೆ. ಶಾಂಬೆರಿಯ ಗುರುತೇ ಆ ಆನೆಗಳು. ಮಾಳವದ, ದೋಆಬಿನ ರೈತರ ಕಂದಾಯದ ಹಣ ಆಲ್ಪ್ಸ್‌ನ ಒಂದು ಊರಿನ ಚೌಕದಲ್ಲಿ ನೀರಾಗಿ ಹರಿಯುತ್ತಿದೆ. ವಾನವಡಿಯ ಹಜಾರದಲ್ಲಿ ನಿಂತವರಿಗೆ ಈ ಸಂಗತಿಯನ್ನು ಯಾರಾದರೂ ಹೇಳಬೇಕು.

ಇನ್ನು ಸ್ಮಾರಕವಿಲ್ಲದ ಆ ಬಯಲು.

ಮಹಾದಜಿ ಹೋದ ಮರು ವರ್ಷ ಸವಾಯಿ ಮಾಧವರಾಯ ಶನಿವಾರವಾಡೆಯ ಮಹಡಿಯಿಂದ ಬಿದ್ದು ಸತ್ತ. 1800ರಲ್ಲಿ ನಾನಾ ಫಡಣವೀಸನೂ ಹೋದ. ಉಳಿದವರು ಪೇಶ್ವೆ ಎರಡನೆಯ ಬಾಜಿರಾಯ, ದೌಲತರಾವ್ ಶಿಂದೆ, ಯಶವಂತರಾವ್ ಹೋಳ್ಕರ್. ಮೂವರೂ ತರುಣರು, ಒಬ್ಬರನ್ನೊಬ್ಬರು ನಂಬದವರು. 1801ರ ಏಪ್ರಿಲ್‌ನಲ್ಲಿ ಬಾಜಿರಾಯ ಯಶವಂತರಾವನ ಸೋದರ ವಿಠೋಜಿಯನ್ನು ಹಿಡಿದು ಆನೆಯ ಕಾಲಿಗೆ ಕೊಡಿಸಿದ. ಯಶವಂತರಾವ್ ಅದನ್ನು ಮರೆಯುವವನಲ್ಲ. ಮರು ವರ್ಷ ದೀಪಾವಳಿಯ ದಿನ ಹಡಪಸರದಲ್ಲಿ ಎರಡೂ ಸೈನ್ಯ ಎದುರಾದವು. ದೌಲತರಾವ್ ತಾನು ಉತ್ತರದಲ್ಲೇ ಇದ್ದ, ಅವನ ಪರವಾಗಿ ಸದಾಶಿವರಾವ್ ಬಕ್ಷಿ ಮುಂದಾಳು. ಎರಡೂ ಕಡೆ ಯುರೋಪಿಯನ್ ಅಧಿಕಾರಿಗಳ ಕೈಕೆಳಗಿನ ಕವಾಯತು ಪಲ್ಟಣಗಳು, ಎರಡೂ ಕಡೆ ತೋಪು. ಮೊದಲು ಹೋಳ್ಕರನ ಕುದುರೆ ದಳ ಹಿಮ್ಮೆಟ್ಟಿತು. ಆಗ ಯಶವಂತರಾವ್ ತಾನೇ ಮುಂದೆ ನುಗ್ಗಿ, ಚದುರಿದವರನ್ನು ಕೂಡಿಸಿ, ಶಿಂದೆಯ ತೋಪುಗಳ ಮೇಲೆ ಬಿದ್ದ. ಶಿಂದೆಯ ಪಲ್ಟಣಗಳ ನಾಯಕ ಕ್ಯಾಪ್ಟನ್ ಡಾಸ್ ಸತ್ತ, ಸೈನ್ಯ ಒಡೆಯಿತು. ಬಾಜಿರಾಯ ಸಿಂಹಗಡಕ್ಕೆ ಓಡಿದ. ಅಲ್ಲಿಂದ ಕೊಂಕಣಕ್ಕಿಳಿದು ಹಡಗು ಹತ್ತಿ ಇಂಗ್ಲಿಷರ ಆಶ್ರಯಕ್ಕೆ ವಸಾಯಿಗೆ ಹೋದ.

1802ರ ಡಿಸೆಂಬರ್ 31ರಂದು ಅವನು ಅಲ್ಲಿ ಇಂಗ್ಲಿಷರೊಡನೆಯ ಒಪ್ಪಂದಕ್ಕೆ ಹಾಕಿದ ಸಹಿಗೆ ಮರಾಠಾ ರಾಜ್ಯದ ಸ್ವಾತಂತ್ರ್ಯವೇ ಬೆಲೆಯಾಯಿತು. ಇಂಗ್ಲಿಷ್ ಪಲ್ಟಣಗಳನ್ನು ತನ್ನ ನೆಲದಲ್ಲಿ ಇಟ್ಟುಕೊಳ್ಳಲು, ಅವುಗಳ ಖರ್ಚಿಗೆ ಪ್ರಾಂತ್ಯಗಳನ್ನು ಬಿಟ್ಟುಕೊಡಲು, ಅವರನ್ನು ಕೇಳದೆ ಯಾರೊಡನೆಯೂ ಯುದ್ಧವನ್ನಾಗಲಿ ಸಂಧಿಯನ್ನಾಗಲಿ ಮಾಡದಿರಲು ಪೇಶ್ವೆ ಒಪ್ಪಿದ. ಅವನನ್ನು ಮರಳಿ ಗದ್ದುಗೆಗೆ ಕೂರಿಸಲು ಇಂಗ್ಲಿಷರ ಸೈನ್ಯ ಹೊರಟದ್ದು ಎಲ್ಲಿಂದ? ನಮ್ಮ ಹರಿಹರದಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸೇನಾಧಿಕಾರ ಹಿಡಿದಿದ್ದ, ಧೋಂಡಿಯ ವಾಘನನ್ನು ಬೆನ್ನಟ್ಟಿ 1800ರಲ್ಲಿ ಮುಗಿಸಿದ ಆರ್ಥರ್ ವೆಲ್ಲೆಸ್ಲಿ 1803ರ ಮಾರ್ಚ್‌ನಲ್ಲಿ ತುಂಗಭದ್ರೆ ದಾಟಿದ. ಅವನ ತೋಪುಗಳನ್ನು, ಕಾಳುಕಡಿಯನ್ನು ಎಳೆದದ್ದು ಮೈಸೂರಿನ ಅಮೃತ ಮಹಲ್ ಎತ್ತುಗಳು. ಆ ಎತ್ತುಗಳ ವೇಗವನ್ನು ಅವನು ಆಮೇಲೂ ನೆನೆಯುತ್ತಿದ್ದ. ಹೋಳ್ಕರನ ಕಡೆಯವರು ಪುಣೆಯನ್ನು ಸುಟ್ಟುಬಿಡುತ್ತಾರೆಂಬ ಸುದ್ದಿ ಬಂದದ್ದರಿಂದ ಕೊನೆಯ ಅರವತ್ತು ಮೈಲಿಯನ್ನು ಕುದುರೆ ದಳದೊಡನೆ ಒಂದೂವರೆ ದಿನದೊಳಗೆ ಮುಗಿಸಿ, ಏಪ್ರಿಲ್ 20ರಂದು ಊರು ಸೇರಿದ. ಮೇ 13ರಂದು ಬಾಜಿರಾಯ ಪುಣೆಗೆ ಮರಳಿದ. ಸೆಪ್ಟೆಂಬರ್ 23ರಂದು ಅಸ್ಸಯೆಯಲ್ಲಿ ಇದೇ ವೆಲ್ಲೆಸ್ಲಿ ದೌಲತರಾವನ ಸೈನ್ಯವನ್ನು, ಮಹಾದಜಿ ಅಷ್ಟು ಕಷ್ಟಪಟ್ಟು ಕಟ್ಟಿಸಿದ ಪಲ್ಟಣಗಳನ್ನು, ಮುರಿದ. ಹದಿನೈದು ವರ್ಷದಲ್ಲಿ ಪೇಶ್ವೆಗಿರಿಯೇ ಇಲ್ಲವಾಯಿತು. ಇಷ್ಟಕ್ಕೂ ಬಾಗಿಲು ತೆರೆದದ್ದು ಹಡಪಸರದ ಆ ಒಂದು ದೀಪಾವಳಿ.

ಇಂಥ ನೆಲಕ್ಕೆ ಗುರುತು ಏಕೆ ಬೇಡವಾಯಿತು? ನನ್ನ ಎಣಿಕೆ ಹೀಗೆ. ಇದು ಮರಾಠರು ಮರಾಠರನ್ನೇ ಕೊಂದ ಯುದ್ಧ. ಗೆದ್ದ ಹೋಳ್ಕರರು ಪುಣೆಯಲ್ಲಿ ಉಳಿಯಲಿಲ್ಲ. ಸೋತ ಪೇಶ್ವೆಗೆ ಅದನ್ನು ನೆನೆಯುವ ಮನಸ್ಸು ಇರಲಾರದು. ಇಂಗ್ಲಿಷರಿಗೆ ಅದು ತಮ್ಮ ಯುದ್ಧವಲ್ಲ. ಅವರು ಕಂಬ ನಿಲ್ಲಿಸಿದ್ದು ಪುಣೆಯ ಈಶಾನ್ಯಕ್ಕಿರುವ ಕೋರೆಗಾಂವದಲ್ಲಿ, 1818ರ ಜನವರಿ 1ರಂದು ಪೇಶ್ವೆಯ ಸೈನ್ಯದೊಡನೆ ನಡೆದ ಕಾಳಗಕ್ಕೆ. ಕಂಪನಿ ತನ್ನ ಗೆಲುವಿಗೆಂದು ನಿಲ್ಲಿಸಿದ ಆ ಕಂಬದ ಮೇಲೆ ಮಹಾರ್ ಸೈನಿಕರ ಹೆಸರುಗಳಿದ್ದವು. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋದರು. ಅಂದಿನಿಂದ ಆ ಕಂಬದ ಅರ್ಥವೇ ಬದಲಾಯಿತು, ಈಗ ಪ್ರತಿ ವರ್ಷ ಲಕ್ಷಾಂತರ ಜನ ಅಲ್ಲಿ ಸೇರುತ್ತಾರೆ. ಸ್ಮಾರಕವನ್ನು ಕಟ್ಟಿದವರ ಉದ್ದೇಶವಷ್ಟೇ ಅದರ ಆಯುಷ್ಯವನ್ನು ತೀರ್ಮಾನಿಸುವುದಿಲ್ಲ. ಬಂದು ನಿಲ್ಲುವವರು ಅದಕ್ಕೆ ಹೊಸ ಬದುಕು ಕೊಡುತ್ತಾರೆ.

ಸಾಮಾನ್ಯ ಜನ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇಲ್ಲೇ ಹತ್ತಿರದಲ್ಲಿದೆ. ಘೋರ್ಪಡಿಯಲ್ಲಿ ಭೂಸೇನೆಯ ದಕ್ಷಿಣ ಕಮಾಂಡಿನ ರಾಷ್ಟ್ರೀಯ ಯುದ್ಧ ಸ್ಮಾರಕ 1998ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ತೆರೆಯಿತು. ಸ್ವಾತಂತ್ರ್ಯಾನಂತರ ಪ್ರಾಣ ಕೊಟ್ಟ ಯೋಧರಿಗಾಗಿ ಪುಣೆಯ ನಾಗರಿಕರು ಹಣ ಕೂಡಿಸಿ ಕಟ್ಟಿಸಿದ ಸ್ಮಾರಕ ಅದು. ಕಾರ್ಗಿಲ್ ಯುದ್ಧದಲ್ಲಿ ಹಾರಿದ ಮಿಗ್-23 ವಿಮಾನ ಅಲ್ಲಿದೆ. ಶಾಲೆಯ ಮಕ್ಕಳು ಅದರ ರೆಕ್ಕೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೆಸರುಗಳ ಸಾಲಿನ ಮುಂದೆ ಹಿರಿಯರು ನಿಧಾನವಾಗಿ ನಡೆಯುತ್ತಾರೆ, ಕೆಲವರು ಒಂದು ಹೆಸರಿನ ಮುಂದೆ ನಿಲ್ಲುತ್ತಾರೆ. ರಾಜಮನೆತನ ತನ್ನ ಹಿರಿಯನಿಗೆ ಛತ್ರಿ ಕಟ್ಟಿದ ಊರಿನಲ್ಲೇ ಜನ ತಮ್ಮ ಸೈನಿಕರಿಗೆ ಸ್ಮಾರಕ ಕಟ್ಟಿದ್ದಾರೆ.

ಅದಕ್ಕೇ ಒಂದು ಬೇಡಿಕೆಯನ್ನು ಇಲ್ಲಿ ಇಡುತ್ತೇನೆ. ಹಡಪಸರ, ವಾನವಡಿ, ಕೊಂಢವಾ ಭಾಗದ ಹೌಸಿಂಗ್ ಸೊಸೈಟಿಗಳು, ಶಾಲೆಗಳು, ಕನ್ನಡಿಗರ ಕೂಟಗಳೂ ಸೇರಿ, ಕಾರ್ಪೊರೇಷನ್ನಿಗೆ ಅರ್ಜಿ ಕೊಟ್ಟು 1802ರ ಯುದ್ಧದ ಬಯಲಿನಲ್ಲಿ ಒಂದು ಕಲ್ಲು ನಿಲ್ಲಿಸಬೇಕು. ದೊಡ್ಡ ವಿಗ್ರಹ ಬೇಡ, ಗೆದ್ದವರ ಜಯಘೋಷವೂ ಬೇಡ. ತಾರೀಖು, ಎರಡೂ ಕಡೆಯವರ ಹೆಸರು, ಆ ದಿನ ಏನಾಯಿತು, ಅದರಿಂದ ಏನಾಯಿತು ಎಂಬ ನಾಲ್ಕು ಸಾಲು ಸಾಕು. ಮರಾಠಿಯಲ್ಲಿರಲಿ, ಹಿಂದಿಯಲ್ಲಿರಲಿ. ಹರಿಹರದಿಂದ ಸೈನ್ಯ ಬಂದ ದಾರಿಯ ನೆನಪಿಗೆ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬಂದರೆ ಇನ್ನೂ ಒಳ್ಳೆಯದು.

ಅಷ್ಟರೊಳಗೆ, ಈ ಭಾಗದಲ್ಲಿರುವವರು ಒಂದು ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ಶಿಂದೆ ಛತ್ರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹಜಾರದ ಚಿತ್ರಗಳನ್ನು ತೋರಿಸುವಾಗ ನೀರು ಹೊರುತ್ತಿದ್ದ ರಾಣಾಖಾನನ ಹೆಸರನ್ನೂ ಮರೆಯದೆ ಹೇಳಿ. ಅಲ್ಲಿಂದ ಘೋರ್ಪಡಿಯ ಯುದ್ಧ ಸ್ಮಾರಕಕ್ಕೆ ದೂರವಿಲ್ಲ, ಒಂದೇ ಬೆಳಗಿನಲ್ಲಿ ಎರಡೂ ಮುಗಿಯುತ್ತವೆ.